ಅಕ್ಕನ ಎರಡು ಬಾಗಿಲಿನ ಗಾಡಿ

ಕಳೆದ ತಿಂಗಳು ತಾಂಡೂರಿನ ಫಂಕ್ಷನ್ ಹಾಲಿನಲ್ಲಿ ಅಕ್ಕನಿಗೆ ನುಡಿನಮನ ನಡೆಯಿತು. ತೆಲುಗಿನಲ್ಲಿ ಮಾತಾಡಿದವರೂ ಕನ್ನಡದಲ್ಲಿ ಮಾತಾಡಿದವರೂ ಕೊನೆಗೆ ಒಂದೇ ಮಾತಿಗೆ ಬಂದು ನಿಂತರು. ಬಹಳ ಸರಳ ಜೀವಿ, ತನಗಾಗಿ ಏನನ್ನೂ ಬಯಸಲಿಲ್ಲ. ವೇದಿಕೆಯ ಬ್ಯಾನರಿನಲ್ಲೂ ಫೋಟೊದ ಕೆಳಗೆ ಅದನ್ನೇ ಅಚ್ಚು ಹಾಕಿಸಿದ್ದರು.

ನಾನು ಕೊನೆಯ ಸಾಲಿನಲ್ಲಿ, ತವರೂರಿನಿಂದ ಬಂದಿದ್ದ ಅಕ್ಕನ ಅಣ್ಣನ ಪಕ್ಕದಲ್ಲಿ ಕೂತಿದ್ದೆ. ಮೊದಲ ಸಾಲಿನಲ್ಲಿ ಕುರ್ಚಿಗಳು ಖಾಲಿಯಿದ್ದವು. ಅಕ್ಕನ ಮಗ ಎರಡು ಸಲ ಬಂದು ಮುಂದೆ ಕರೆದ. "ಇರ್ಲಿ ಬಿಡಪ್ಪ, ಇಲ್ಲಿ ಫ್ಯಾನ್ ಛಲೋ ಅದ" ಎಂದು ಅಣ್ಣ ಏಳಲಿಲ್ಲ. ನಮ್ಮ ತಲೆಯ ಮೇಲಿನ ಫ್ಯಾನು ತಿರುಗುತ್ತಿರಲಿಲ್ಲ.

ಅಕ್ಕ ಸರಳ ಜೀವಿಯಾಗಿರಲಿಲ್ಲ. ಅವರಿಗೆ ಒಂದು ವಸ್ತು ಬೇಕಿತ್ತು. ಬೇಕು ಎಂದು ಬಾಯಿಬಿಟ್ಟು ಹೇಳಿದರು, ತಂದರು. ಅದನ್ನು ಈಗ ಬರೆದಿಡದಿದ್ದರೆ ಇನ್ನು ಕೆಲವು ವರ್ಷಗಳಲ್ಲಿ ನಾನೂ ಬ್ಯಾನರಿನ ಮಾತನ್ನೇ ನಂಬಿಬಿಡುತ್ತೇನೆ. ಇತಿಹಾಸ ಪಾಠ ಹೇಳುವವಳು ನಾನು. ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ಭರವಸೆಯಿಲ್ಲ.

ನಾನು ಜಹೀರಾಬಾದಿನವಳು. ಕಲಬುರಗಿಯಲ್ಲಿ ಎಂ.ಎ. ಮುಗಿಸಿ ತಾಂಡೂರಿನ ಕಾಲೇಜಿಗೆ ಬಂದಾಗ ಅಕ್ಕನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅವರು ನನ್ನನ್ನು "ಬಾಯಾರ" ಎನ್ನುತ್ತಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಕರೆಯುವುದೇ ಹಾಗೆ. ಊರೆಲ್ಲ ಅವರನ್ನು ಅಕ್ಕ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆದೆ. ಅವರ ಪರ್ಸಿ ಕಾರ್ಖಾನೆ ಪೆದ್ದೆಮುಲ್ ರಸ್ತೆಯಲ್ಲಿತ್ತು. ಪರ್ಸಿ ಎಂದರೆ ನೆಲಕ್ಕೆ ಹಾಸುವ ನೀಲಿ ಬಂಡೆ. ಗಂಡ ತೀರಿಕೊಂಡಾಗ ಅದು ಒಂದೇ ಪಾಲಿಶ್ ಮಷಿನ್ನಿನ ತಗಡಿನ ಶೆಡ್ಡಂತೆ. ಇನ್ನು ಬಾಗಿಲು ಹಾಕುತ್ತಾರೆ ಎಂದು ಬಜಾರಿನವರು ಅಂದುಕೊಂಡಿದ್ದರು. ನಾನು ಬರುವಷ್ಟರಲ್ಲಿ ಆ ಶೆಡ್ಡಿನ ಸುತ್ತ ಗೋಡೆ ಎದ್ದಿತ್ತು, ಅಕ್ಕನ ಲಾರಿಗಳು ಹೈದರಾಬಾದಿಗೆ ಓಡಾಡುತ್ತಿದ್ದವು.

ಕೆಲಸದವರನ್ನು ಬೈಯುವುದು ಕನ್ನಡದಲ್ಲಿ, ದರಕ್ಕೆ ಕಚ್ಚಾಡುವುದು ತೆಲುಗಿನಲ್ಲಿ, ಲಾರಿ ಡ್ರೈವರುಗಳ ಜೊತೆ ನಗೆಮಾತು ದಖ್ಖನಿಯಲ್ಲಿ. ಬಂಡೆ ಬಂದರೆ ನಡುಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದರು. ಒಳಗೆ ಬಿರುಕಿದ್ದರೆ ಸದ್ದು ಮೊಂಡಾಗಿರುತ್ತದೆ. ಆ ಅಭ್ಯಾಸ ಬಂಡೆಗಷ್ಟೇ ನಿಲ್ಲಲಿಲ್ಲ. ಕಲ್ಲಂಗಡಿ, ನನ್ನ ಬಾಗಿಲು, ಬ್ಯಾಂಕಿನ ಮೇಜು, ಎಲ್ಲವನ್ನೂ ಬಡಿಯುತ್ತಿದ್ದರು. ಯಾರಾದರೂ ದೊಡ್ಡ ಮನುಷ್ಯರು ಬಂದು ದೊಡ್ಡ ಮಾತಾಡಿ ಹೋದರೆ ಅವರು ಕೂತಿದ್ದ ಕುರ್ಚಿಯ ಬೆನ್ನನ್ನು ಬಡಿದು, "ಖಾಲಿ ಅದ" ಎಂದು ನನ್ನ ಮುಖ ನೋಡುತ್ತಿದ್ದರು.

ಹಿಂದೊಮ್ಮೆ ಡ್ರೈವರು ಬಾರದಿದ್ದಾಗ ಸೀರೆ ಎತ್ತಿ ಕಟ್ಟಿ ತಾವೇ ಲಾರಿ ಹೊಡೆದುಕೊಂಡು ಹೋಗಿದ್ದರು ಎಂಬ ಕತೆಯನ್ನು ತಾಂಡೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಕೆಲವರು ಪೆದ್ದೆಮುಲ್ ತನಕ ಎನ್ನುತ್ತಾರೆ, ಕೆಲವರು ಹೈದರಾಬಾದಿನ ತನಕ. ನಿಜವೇನೆಂದು ಅವರನ್ನೇ ಕೇಳಿದ್ದೆ.

"ಎಲ್ಲಿ ತನಕ ಅಂತಾರ, ಅಲ್ಲಿ ತನಕ ಹೋಗೀನ್ರಿ" ಎಂದರು.

ಜೀಪಿಗೆ ಡ್ರೈವರನ್ನು ಇಟ್ಟುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತರೆ ನಿದ್ದೆ ಬರುತ್ತದೆ, ಸ್ಟೇರಿಂಗ್ ಹಿಡಿದರೆ ಎಚ್ಚರ ಎನ್ನುವುದು ಅವರ ಮಾತು. ಅವರ ಜೊತೆ ಹೋದಾಗ ನನಗಂತೂ ನಿದ್ದೆ ಬಂದದ್ದಿಲ್ಲ.

ಅವರ ಆಸೆ ಹುಟ್ಟಿದ್ದು ನಮ್ಮೂರಿನಲ್ಲಿ. ನಮ್ಮ ತಾಯಿಯನ್ನು ಮಾತಾಡಿಸಲು ನನ್ನ ಜೊತೆ ಜಹೀರಾಬಾದಿಗೆ ಬಂದಿದ್ದರು. ತಿರುಗಿ ಹೋಗುವಾಗ ಹೈವೇ ಪಕ್ಕದ ಹೋಟೆಲಿನಲ್ಲಿ ಚಹಾಕ್ಕೆ ನಿಂತೆವು. ಅಲ್ಲಿಗೆ ಒಂದು ಸ್ಪೋರ್ಟ್ಸ್ ಕಾರು ಬಂದು ನಿಂತಿತು. ನೆಲಕ್ಕೆ ಅಂಟಿದ ಹಾಗಿತ್ತು, ಎರಡೇ ಬಾಗಿಲು. ಬಣ್ಣ ಕೆಂಪು ಎಂದು ನನ್ನ ನೆನಪು. ಅಕ್ಕ ಕೊನೆಯ ತನಕ ಹಳದಿ ಎಂದೇ ಹೇಳುತ್ತಿದ್ದರು. ಆ ದಿನದ ನನ್ನ ಡೈರಿಯಲ್ಲಿ ಸೆಖೆಯೂ ಚಹಾದಲ್ಲಿ ಸಕ್ಕರೆ ಹೆಚ್ಚಾದದ್ದೂ ಇವೆ, ಕಾರು ಇಲ್ಲ. ಮುಖ್ಯವಾದದ್ದು ನಡೆಯುವಾಗ ಅದು ಮುಖ್ಯವೆಂದು ನನಗೆ ಯಾವತ್ತೂ ತಿಳಿದಿಲ್ಲ.

ಅಕ್ಕ ಚಹಾದ ಗ್ಲಾಸು ಹಿಡಿದುಕೊಂಡೇ ಕಾರಿನ ಹುಡುಗನ ಹತ್ತಿರ ಹೋದರು. "ಬೇಟಾ, ಜರಾ ಸ್ಟಾರ್ಟ್ ಕರೋ, ಸುನ್ತೂಂ" ಎಂದರು. ಇಂಜಿನ್ನಿನ ಸದ್ದು ಕೇಳಬೇಕಂತೆ. ಹುಡುಗ ನಕ್ಕು ಚಾಲೂ ಮಾಡಿದ. ಬಂಡೆಗೆ ಕಿವಿಗೊಡುವ ಹಾಗೆಯೇ ತಲೆ ವಾಲಿಸಿ ನಿಂತರು. ಬಂದು ಕೂತಾಗ ಚಹಾ ಆರಿತ್ತು.

"ಬಾಯಾರ, ನನಗ ಇಂಥಾದು ಬೇಕು."

ನಾನು ನಕ್ಕೆ. ಅವರು ನಗಲಿಲ್ಲ.

"ನಗಬ್ಯಾಡ್ರಿ. ಮಗಗ ಮನಿ ಕಟ್ಟಿದೆ, ಮಗಳ ಲಗ್ನ ಮಾಡಿದೆ, ಲಾರಿ ತಂದೆ. ಎಲ್ಲಾ ಬೇಕಾಗಿದ್ದೇ, ಖರೆ. ಆದ್ರ ಇದು ನನ್ನ ಶೌಕ್ ಅದ. ಶೌಕ್ ಮಾಡಾಕ ನನಗ ಯಾರ ಸಹಿ ಬೇಕು?"

ಯಾರ ಸಹಿಯೂ ಬೇಕಿರಲಿಲ್ಲ. ಆದರೆ ಮನೆ ಎಂದ ಮೇಲೆ ಮಾತು ಬಂದೇ ಬರುತ್ತದೆ. ಮಗ ತಿಳಿವಳಿಕೆಯವನು, ತಾಯಿಯನ್ನು ಎದುರಿಸಿ ಮಾತಾಡುವವನಲ್ಲ. ಫೋನಿನಲ್ಲಿ ಒಂದೊಂದೇ ವಿಡಿಯೊ ತೋರಿಸುತ್ತ ಬಂದ.

"ಅವ್ವಾ, ನಿನಗ ಜೋರ್ ಓಡೋದೇ ಬೇಕಂದ್ರ ಈ ಸೆಡಾನ್ ನೋಡು. ಇಂಜಿನ್ ತಾಕತ್ತು ಅಷ್ಟೇ ಅದ. ನಾಕು ಬಾಗಲಾ. ಐದು ಮಂದಿ ಆರಾಮ ಕುಂದರ್ತಾರ. ನೋಡಿದವರೂ ಹೌದಂತಾರ."

"ಬಾಗಲಾ ಎಣಿಸಿ ಗಾಡಿ ತಗೋಳಾಕ ಅದೇನು ಮನಿಯೇನು?"

"ತಾಂಡೂರಿನ ರೋಡ್ ಗೊತ್ತಿಲ್ಲೇನು ನಿನಗ? ಲಾರಿ ಓಡಾಡಿ ಕೆರಿ ಆಗ್ಯದ. ಆ ಗಿಡ್ಡ ಗಾಡಿ ಮೊದಲ ತೆಗ್ಗಿಗೇ ಹೊಟ್ಟಿ ಬಡ್ಕೋತದ."

"ಹೊಟ್ಟಿ ಬಡ್ಕೊಂಡ್ರ ನಾ ಸಮಾಧಾನ ಮಾಡ್ತೀನಿ ಬಿಡು."

ನಾನು ಯಾರ ಕಡೆಗಿದ್ದೆ? ಈಗ ಕೇಳಿಕೊಂಡರೆ ಅಕ್ಕನ ಕಡೆಗೆ ಎಂದು ಥಟ್ಟನೆ ನೆನಪಾಗುತ್ತದೆ. ಅಷ್ಟು ಥಟ್ಟನೆ ನೆನಪಾಗುವುದರಿಂದಲೇ ಅನುಮಾನ. ಬಹುಶಃ ಸೆಡಾನೇ ಸರಿ ಎಂದಿರಬೇಕು.

ಆದರೆ ಅಕ್ಕನನ್ನು ನಿಜವಾಗಿ ಕಾಡಿದ್ದು ಮಗನ ಮಾತಲ್ಲ, ತವರಿನದು. ಅವರ ತವರು ನಾರಾಯಣಖೇಡದ ಆಚೆ, ಸಿರ್ಗಾಪುರದ ಹತ್ತಿರದ ಒಂದು ಹಳ್ಳಿ. ಬೌದ್ಧರ ಕೇರಿ. ಆ ಕೇರಿಯಲ್ಲಿ ಒಂದು ಪದ್ಧತಿಯಿದೆ. ಕೇರಿಯ ಮಗನೋ ಮಗಳೋ ಹೊಸ ಗಾಡಿ ತಂದರೆ ಮೊದಲು ವಿಹಾರದ ಮುಂದೆ ನಿಲ್ಲಿಸಬೇಕು. ಆಮೇಲೆ ಮನೆಗೊಬ್ಬರನ್ನಾದರೂ ಕೂರಿಸಿಕೊಂಡು ಊರ ಹೊರಗಿನ ಹುಣಸೆಮರದ ತನಕ ಹೋಗಿ ಬರಬೇಕು. ಅದಕ್ಕೆ ಸುತ್ತು ಎನ್ನುತ್ತಾರೆ. ಕೇರಿಗೆ ಮೊದಲ ಸೈಕಲ್ ತಂದವರು ಅಕ್ಕನ ಅಪ್ಪ. ಸುತ್ತು ಶುರುವಾದದ್ದು ಅಂದೇ ಎಂದು ಅಕ್ಕ ಹೆಮ್ಮೆಯಿಂದ ಹೇಳುತ್ತಿದ್ದರು. ಅಕ್ಕನ ಟ್ರ್ಯಾಕ್ಟರು, ಲಾರಿ, ಜೀಪು ಎಲ್ಲವೂ ಅಲ್ಲಿಗೆ ಹೋಗಿ ಬಂದಿದ್ದವು. ಸುತ್ತು ಆಗದ ಗಾಡಿ ಕೇರಿಯದಲ್ಲ, ತಂದವರೂ ಕೇರಿಯಿಂದ ಒಂದು ಹೆಜ್ಜೆ ಹೊರಗೆ ಹೋದ ಹಾಗೆ.

ಮಗ ಅಣ್ಣನಿಗೆ ಸುದ್ದಿ ಮುಟ್ಟಿಸಿದ್ದ. ಅಣ್ಣನ ಫೋನು ಬಂದಾಗ ನಾನು ಅಡುಗೆಮನೆಯಲ್ಲೇ ಇದ್ದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದುದರಿಂದ ಸ್ಪೀಕರಿಗೆ ಹಾಕಿದ್ದರು.

"ಎರಡ ಸೀಟಿನ ಗಾಡಿ ಅಂತಲ್ಲವಾ ತಂಗಿ?"

"ಹೌದಣ್ಣ."

"ಒಂದರ ಮ್ಯಾಲೆ ನೀ ಕುಂದರ್ತಿ. ಕೇರಿ ಮಂದಿ ಎಲ್ಲಿ ಕುಂದ್ರಬೇಕು, ನೆತ್ತಿ ಮ್ಯಾಲೇನು?"

ಅಕ್ಕ ಏನೋ ಹೇಳಹೊರಟರು. ಅಣ್ಣ ಬಿಡಲಿಲ್ಲ.

"ಅದು ನಮ್ಮನ್ನ ಬಿಟ್ಟು ಹೋಗೋ ಗಾಡಿ ಅದ. ನೀ ತಗೋ, ನಿನ್ನ ಗಳಿಕಿ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಕೇರಿಗಿ ತರಬ್ಯಾಡ."

ಫೋನು ಕಟ್ಟಾಯಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಆಮೇಲೆ ಕೆಲವು ದಿನ ಅಕ್ಕ ಕಾರಿನ ಮಾತೇ ಎತ್ತಲಿಲ್ಲ. ಏನನ್ನೂ ಬಡಿದು ನೋಡಲೂ ಇಲ್ಲ.

ಕೊನೆಗೆ ಎರಡನ್ನೂ ಕಣ್ಣಾರೆ ನೋಡೋಣ ಎಂದು ಮಗ ಹೈದರಾಬಾದಿಗೆ ಹೊರಡಿಸಿದ. ನನ್ನನ್ನೂ ಕರೆದರು. ಬಳಸಿದ ದುಬಾರಿ ಕಾರು ಮಾರುವ ಅಂಗಡಿ. ಸೆಡಾನ್ ಕಡುನೀಲಿ, ಸ್ಪೋರ್ಟ್ಸ್ ಕಾರು ಬಿಳಿ. ಅಕ್ಕ ಮೊದಲು ಸೆಡಾನಿನ ಬಾಗಿಲು ಬಡಿದರು. "ಗಟ್ಟಿ ಅದ" ಎಂದರು. ಹೊರವರ್ತುಲ ರಸ್ತೆಯ ಕಡೆಗೆ ಓಡಿಸಿಕೊಂಡು ಹೋಗಿ ಬಂದರು. ಇಳಿದಾಗ ಅವರ ಮುಖ ಅರಳಿತ್ತು. ಸೆಡಾನ್ ಬಗ್ಗೆ ನಾನು ಅನ್ಯಾಯದ ಮಾತಾಡಬಾರದು, ಅದು ಬಾಣದ ಹಾಗೆ ಓಡುತ್ತಿತ್ತು. ಮಗ ನನಗೆ ಕಣ್ಣು ಮಿಟುಕಿಸಿದ. ಮುಗಿಯಿತು ಎಂದುಕೊಂಡೆವು.

ಆಗ ಮಾರುವ ಹುಡುಗ ಬಂದು ಸೆಡಾನಿನ ಹಿಂದಿನ ಬಾಗಿಲು ತೆರೆದ. ಈ ಗಾಡಿಯ ಅಸಲು ಸುಖ ಇರುವುದು ಇಲ್ಲಿ ಅಮ್ಮಾ, ಎಂದು ತೆಲುಗಿನಲ್ಲಿ ಹೇಳಿ ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ. ಗುಂಡಿ ಒತ್ತಿದರೆ ಬೆನ್ನು ವಾಲುತ್ತದೆ, ಕಿಟಕಿಗೆ ಪರದೆ ಬರುತ್ತದೆ. ಮುಂದೆ ಒಬ್ಬ ಡ್ರೈವರನ್ನು ಇಟ್ಟುಕೊಳ್ಳಿ, ಹಿಂದೆ ರಾಣಿಯ ಹಾಗೆ ಕೂತುಕೊಳ್ಳಿ ಎಂದ. ಪಾಪ, ಮರ್ಯಾದೆಯಿಂದಲೇ ಹೇಳಿದ. ಅಕ್ಕ ಪರದೆಯ ಹಿಂದಿನಿಂದ ಕತ್ತು ಚಾಚಿ ಮುಂದೆ ನೋಡಿದರು.

"ತಮ್ಮಾ, ಇಲ್ಲಿಂದ ಮುಂದಿನ ಸೀಟಿನ ಬೆನ್ನ ಬಿಟ್ರ ಏನೂ ಕಾಣಂಗಿಲ್ಲಲ್ಲ" ಎಂದು ಕನ್ನಡದಲ್ಲೇ ಹೇಳಿ ಇಳಿದರು. ಅವನಿಗೆ ಅರ್ಥವಾಗಲಿಲ್ಲ.

ಬಿಳಿ ಕಾರನ್ನು ಬಡಿದು ನೋಡಲೇ ಇಲ್ಲ. ಓಡಿಸಿಕೊಂಡು ಹೋದರು, ಬಂದರು, ಇದೇ ಎಂದರು.

ವಾಪಸು ಬರುವಾಗ ಮಗ ಮುನಿಸಿಕೊಂಡು ಹಿಂದೆ ಕೂತಿದ್ದ. ಜೀಪು ನಡೆಸುತ್ತಿದ್ದ ಅಕ್ಕ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು. ಇದನ್ನು ಅವರು ಅಂದೇ ಹೇಳಿದರೋ ಇನ್ನೊಮ್ಮೆ ಯಾವಾಗಲೋ ಹೇಳಿದ್ದನ್ನು ನಾನು ಅಂದಿಗೆ ಜೋಡಿಸಿಕೊಂಡಿದ್ದೇನೋ, ಆಣೆ ಮಾಡಲಾರೆ. ಮಾತು ಮಾತ್ರ ಅವರದೇ.

"ನಾ ಸಣ್ಣಕಿದ್ದಾಗ ಪಟೇಲರ ಜೀಪಿನಾಗ ನಮಗ ಕೂಲಿಗಿ ಒಯ್ತಿದ್ರು. ಮುಂದಿನ ಸೀಟ ಖಾಲಿ ಇದ್ರೂ ನಾವು ಹಿಂದ. ಬಾಗಲಾ ತಗದಿಟ್ಟು ಕಾಲ ಇಳಿಬಿಟ್ಟು, ಹಿಂದಕ್ಕ ಮಾರಿ ಮಾಡಿ ಕುಂದ್ರೋದು. ಗಾಡಿ ಎಲ್ಲಿಗಿ ಹೊಂಟದ ಕಾಣ್ತಿರ್ಲಿಲ್ಲ. ಬಿಟ್ಟು ಬಂದ ಹಾದಿ ಅಷ್ಟೇ ಕಾಣ್ತಿತ್ತು, ಅದೂ ಧೂಳಿನಾಗ."

ಮಗ ಹಿಂದಿನಿಂದ ಕೇಳಿದ. "ಆತು ಅವ್ವಾ. ಮತ್ತ ಸುತ್ತು ಹ್ಯಾಂಗ ಮಾಡ್ತಿ?"

"ಮಾಡ್ತೀನಿ."

"ಮಾಮಾ ಕೇರಿಗಿ ತರಬ್ಯಾಡ ಅಂದಾನ."

"ಅವ ಅಂದಾನ. ನಾ ಒಯ್ತೀನಿ. ಕಾಲಿಟ್ಟ ಮ್ಯಾಲೆ ಹೊಳ್ಳಿ ಹೋಗು ಅಂದ್ರ ಹೊಳ್ಳಿ ಬರ್ತೀನಿ. ಗಾಡಿನೂ ಹೊಳ್ಳಿ ಕೊಡ್ತೀನಿ."

ಕೊನೆಯ ಮಾತು ಹೇಳುವಾಗ ಅವರ ದನಿ ಸ್ವಲ್ಪ ಇಳಿಯಿತು. ಕೇರಿ ಒಲ್ಲೆ ಎಂದರೆ ಆ ಕಾರನ್ನು ಅವರು ನಿಜವಾಗಿಯೂ ಇಟ್ಟುಕೊಳ್ಳುತ್ತಿರಲಿಲ್ಲ. ಅದನ್ನು ನಾನು ಇವತ್ತೂ ನಂಬುತ್ತೇನೆ.

ಕಾರು ಮನೆಗೆ ಬಂತು. ಅದನ್ನು ಕೇರಿಗೆ ಒಯ್ಯುವ ದಿನ ಮಗ ಬೆಳಿಗ್ಗೆಯೇ ಟೆಂಪೊದಲ್ಲಿ ಪರ್ಸಿ ತುಂಬಿಕೊಂಡು ಮುಂದೆ ಹೊರಟಿದ್ದ. ಕೇರಿಯ ಬಾಯಲ್ಲಿ ಸಿಮೆಂಟು ರಸ್ತೆ ಒಡೆದು ಮೋರಿ ಬಾಯಿಬಿಟ್ಟಿತ್ತು. ಅಕ್ಕನೂ ನಾನೂ ಕಾರಿನಲ್ಲಿ ಮುಟ್ಟುವ ಹೊತ್ತಿಗೆ ಅವನೂ ಕಾರ್ಖಾನೆಯ ಇಬ್ಬರೂ ಸೇರಿ ಮರಳು ತುಂಬಿ, ಬಂಡೆ ಹಾಸಿ, ಹಾರೆಯಿಂದ ಮಟ್ಟ ಮಾಡುತ್ತಿದ್ದರು. ಪಾಲಿಶ್ ಮಾಡಿದ ನೀಲಿ ಬಂಡೆ ಕೇರಿಯ ಬಾಯಲ್ಲಿ ಹೊಳೆಯುತ್ತಿತ್ತು. "ಗಾಡಿ ಅಲ್ಲ ಇದು, ಮದುಮಗಳು. ಹಾಸಿಗಿ ಹಾಸ್ಕೋತ ಮುಂದ ಹೋಗ್ಬೇಕು" ಎಂದು ಮಗ ಗೊಣಗುತ್ತಲೇ ಕೈಬೀಸಿ ದಾರಿ ತೋರಿಸಿದ. ಕಾರು ಹೊಟ್ಟೆ ತಾಗಿಸದೆ ಒಳಗೆ ಬಂತು.

ಜನ ಮನೆಗಳ ಮುಂದೆ ನಿಂತಿದ್ದರು, ಹತ್ತಿರ ಬರಲಿಲ್ಲ. ವಿಹಾರದ ಮೆಟ್ಟಿಲ ಮೇಲೆ ಹೆಗಲಿಗೆ ಟವೆಲ್ ಹಾಕಿಕೊಂಡು ಅಣ್ಣ ಕೂತಿದ್ದರು. ಕಾರನ್ನು ಮೂತಿಯಿಂದ ಬಾಲದ ತನಕ ನೋಡಿದರು.

"ಏ ತಂಗಿ, ಉಳಿದ ಅರ್ಧ ಗಾಡಿ ಹಿಂದಿಂದ ಬರ್ಲಾಕತ್ತದೇನು?"

ಕೇರಿಗೆ ಕೇರಿಯೇ ನಕ್ಕಿತು. ಅಕ್ಕ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಅಣ್ಣನಿಗೆ ಜೈ ಭೀಮ್ ಎಂದು, ವಿಹಾರದೊಳಗೆ ಹೋಗಿ ಕೈಮುಗಿದು ಬಂದು ಕಾರಿನ ಎಡಬಾಗಿಲು ತೆರೆದು ನಿಂತರು.

"ಒಬ್ಬೊಬ್ರೇ ಬರ್ರಿ. ಎಲ್ಲರಿಗೂ ಕುಂದ್ರಸ್ತೀನಿ. ಇವತ್ತ ಮುಗೀಲಿಲ್ಲಂದ್ರ ನಾಳಿ ಮಾಡ್ತೀನಿ."

ಯಾರೂ ಕದಲಲಿಲ್ಲ. ಎಲ್ಲರೂ ಅಣ್ಣನ ಕಡೆ ನೋಡಿದರು, ಅಣ್ಣ ತಮ್ಮ ಚಪ್ಪಲಿಯ ಕಡೆ ನೋಡಿದರು. ಅಕ್ಕ ಬಾಗಿಲ ಮೇಲಿಟ್ಟ ಕೈ ತೆಗೆಯಲಿಲ್ಲ.

ಕೊನೆಗೆ ಅಕ್ಕನ ಚಿಗವ್ವ ಕೋಲೂರಿಕೊಂಡು ಬಂದರು. ಚಿಗವ್ವ ಎಂದರೆ ತಾಯಿಯ ತಂಗಿ, ಕೇರಿಗೆಲ್ಲ ಹಿರಿಯರು. ತೆರೆದ ಬಾಗಿಲನ್ನು ದಾಟಿ ಕಾರಿನ ಹಿಂಭಾಗಕ್ಕೆ ಹೋದರು. ಅಲ್ಲಿ ಕೈಯಾಡಿಸಿ ಆ ಕಡೆಯಿಂದ ಸುತ್ತು ಹಾಕಿ ಮತ್ತೆ ಅಕ್ಕನ ಎದುರಿಗೇ ಬಂದು ನಿಂತರು.

"ಹಿಂದಿನ ಬಾಗಲಾ ಎಲ್ಲಿ ಅದನವ್ವ?"

"ಇದಕ್ಕ ಹಿಂದ ಇಲ್ಲ ಚಿಗವ್ವ."

"ಮತ್ತ ನಾ ಎಲ್ಲಿ ಕುಂದ್ರಲಿ?"

"ಮುಂದ. ಇರೋದೇ ಮುಂದ."

ಚಿಗವ್ವ ಸೀಟನ್ನು ನೋಡಿದರು, ತಮ್ಮ ಸೀರೆಯ ಅಂಚನ್ನು ನೋಡಿದರು. "ಹೊಲಸಾತದ" ಎಂದರು. "ಆಗ್ಲಿ" ಎಂದು ಅಕ್ಕ ಕೋಲನ್ನು ನನ್ನ ಕೈಗೆ ಕೊಟ್ಟು ಅವರನ್ನು ಮೆಲ್ಲಗೆ ಇಳಿಸಿ ಕೂರಿಸಿ, ಬೆಲ್ಟು ಹಾಕಿದರು. ಕಾರು ಕೇರಿಯ ಬಾಯಿ ದಾಟುವ ತನಕ ಇರುವೆಯ ಹಾಗೆ ಹೋಯಿತು. ಹುಣಸೆಮರದ ಕಡೆ ತಿರುಗಿದ ಮೇಲೆ ಆ ಸದ್ದು ಬಂತು. ಜಹೀರಾಬಾದಿನಲ್ಲಿ ಅಕ್ಕ ಚಹಾ ಆರಿಸಿಕೊಂಡು ಕೇಳಿದ ಸದ್ದು. ಕೇರಿಯ ಕೋಳಿಗಳೆಲ್ಲ ಚೆದುರಿದವು.

ತಿರುಗಿ ಬಂದಾಗ ಚಿಗವ್ವನ ಸೆರಗು ಜಾರಿ ಬಿಳಿ ಕೂದಲು ಕೆದರಿತ್ತು. ಇಳಿಯಲಿಲ್ಲ.

"ಇಳಿ ಚಿಗವ್ವ, ಪಾಳಿ ಅದ."

"ಹಾದಿ ನನ್ನ ಕಡೀಗೇ ಓಡಿ ಬರ್ತದಲ್ಲಾ. ಇನ್ನೊಂದ ಸಲ ಹೊಡಿ."

ಆಮೇಲೆ ಪಾಳಿಗಾಗಿ ಜಗಳವೇ ಶುರುವಾಯಿತು. ಗಾರೆ ಕೆಲಸದವರು, ಅಂಗನವಾಡಿ ಟೀಚರು, ಕೂಲಿಯಿಂದ ಅದೇ ತಾನೆ ಬಂದ ಹೆಂಗಸರು, ಒಬ್ಬೊಬ್ಬರೇ ಹೋಗಿ ಬಂದರು. ಟ್ರ್ಯಾಕ್ಟರಿನ ಸುತ್ತು ಒಂದು ಗಳಿಗೆಯಲ್ಲಿ ಮುಗಿದಿತ್ತಂತೆ. ಇದು ಇಡೀ ದಿನ ನಡೆಯಿತು. ಅಕ್ಕ ಊಟಕ್ಕೂ ಇಳಿಯಲಿಲ್ಲ. ಯಾರೋ ರೊಟ್ಟಿಗೆ ಪಲ್ಯ ಸುತ್ತಿ ಕಿಟಕಿಯಿಂದ ಕೊಟ್ಟರು. ಸುತ್ತಿಗೆ ನಾನೂ ಕೂತೆ. ಯಾರ ನಂತರ ಕೂತೆನೋ ನೆನಪಿಲ್ಲ. ಪಕ್ಕದಿಂದ ನೋಡಿದ ಅಕ್ಕನ ಮುಖ ಮಾತ್ರ ನೆನಪಿದೆ. ಹುಬ್ಬಿನಲ್ಲಿ ರಸ್ತೆಯ ಧೂಳು, ಬಾಯಲ್ಲಿ ರೊಟ್ಟಿ, ಮತ್ತು ಎಂಥ ಗತ್ತು.

ಹೊತ್ತು ಇಳಿಯುವಾಗ ಮೆಟ್ಟಿಲ ಮೇಲೆ ಉಳಿದವರು ಅಣ್ಣ ಒಬ್ಬರೇ. ಅಕ್ಕ ಕಾರನ್ನು ಅವರ ಕಾಲ ಬುಡಕ್ಕೇ ತಂದು ನಿಲ್ಲಿಸಿ ಒಳಗಿನಿಂದಲೇ ಬಾಗಿಲು ತಳ್ಳಿದರು. ಅಣ್ಣ ಎದ್ದು, ಮೊಣಕಾಲು ಎದೆಗೆ ಬರುವ ಹಾಗೆ ಮಡಚಿಕೊಂಡು ಕೂತರು. "ನೆಲದ ಮ್ಯಾಲೇ ಕುಂತಂಗ ಅದಲ್ಲವಾ ತಂಗಿ" ಎಂದರು. ಕಾರು ಹೋಯಿತು. ಹುಣಸೆಮರದ ಹತ್ತಿರ ಸದ್ದು ನಿಲ್ಲಲಿಲ್ಲ, ಇನ್ನೂ ದೂರ ದೂರ ಹೋಯಿತು. ಬಹಳ ಹೊತ್ತಿನ ಮೇಲೆ ಬಂದರು. ಅಣ್ಣ ಇಳಿದಾಗ ಹೆಗಲು ಬರಿದಾಗಿತ್ತು.

"ಕಾಕಾ, ಟವೆಲ್ ಎಲ್ಲಿ?" ಎಂದು ಯಾರೋ ಕೇಳಿದರು.

"ಸಿರ್ಗಾಪುರದಾಗ ಅದ" ಎಂದರು ಅಣ್ಣ.

ಅಕ್ಕ ಸ್ಟೇರಿಂಗ್ ಮೇಲೆ ಹಣೆಯಿಟ್ಟು ನಕ್ಕಿದ್ದು ನನಗೆ ಕಂಡಿತು. ಅತ್ತಿದ್ದೂ ಇರಬಹುದು. ದೂರದಿಂದ ಹೇಳುವುದು ಕಷ್ಟ.

ಆ ಕಾರು ಕೊನೆಯ ತನಕ ಅಕ್ಕನ ಜೊತೆಗಿತ್ತು. ತಾಂಡೂರಿನ ರಸ್ತೆ ಅದರ ಹೊಟ್ಟೆಯನ್ನು ಗೀರಿ ಗೀರಿ ಇಟ್ಟಿತು. ಮಗ ಹೇಳಿದ್ದು ಅಷ್ಟರಮಟ್ಟಿಗೆ ನಿಜವೇ. ಈ ವಯಸ್ಸಿನಲ್ಲಿ ಇಷ್ಟು ವೇಗವೇ ಎಂದು ಬಜಾರಿನ ಹಿರಿಯರೊಬ್ಬರು ಕೇಳಿದಾಗ, "ವಯಸ್ಸಾದೋರೇ ಜಲ್ದಿ ಹೋಗಬೇಕ್ರಿ, ನಮಗ ಟೈಮ್ ಎಲ್ಲದ?" ಎಂದರು. ಕಾಯಿಲೆ ಬಿದ್ದು ಆಸ್ಪತ್ರೆಗೆ ಓಡಾಡುವಾಗಲೂ ಆಂಬುಲೆನ್ಸ್ ಬೇಡವೆಂದು ಹಟ ಹಿಡಿದು ಇದರಲ್ಲೇ ಹೋಗುತ್ತಿದ್ದರು. ಆಗ ಮಗ ಓಡಿಸುತ್ತಿದ್ದ. ಪಕ್ಕದಲ್ಲಿ ಕೂತ ಅಕ್ಕನಿಗೆ ನಿದ್ದೆ ಬರಲಿಲ್ಲವಂತೆ.

ನುಡಿನಮನದ ಕೊನೆಯಲ್ಲಿ ತವರಿನ ಪರವಾಗಿ ಅಣ್ಣ ಎರಡು ಮಾತಾಡಬೇಕು ಎಂದು ಮೈಕಿನಲ್ಲಿ ಕರೆದರು. ಅವರು ನನ್ನ ಪಕ್ಕದಿಂದ ಎದ್ದು, ಸಾಲುಗಳ ನಡುವೆ ನಿಧಾನವಾಗಿ ನಡೆದು ವೇದಿಕೆ ಹತ್ತಿದರು. ಬ್ಯಾನರನ್ನು ನೋಡಿದರು.

"ಸರಳ ಗಿರಳ ನನಗ ಗೊತ್ತಿಲ್ರಿ" ಎಂದರು. "ನನ್ನ ತಂಗಿ ಗಾಡಿ ಭಾಳ ಜೋರ್ ಹೊಡೀತಿದ್ಲು. ನಾ ಬಾಜೂಕ ಕುಂತೀನಿ."

ಅಷ್ಟೇ ಹೇಳಿ ಕೆಳಗಿಳಿದರು. ಕೊನೆಯ ಸಾಲಿಗೆ ಬರಲಿಲ್ಲ. ಮೊದಲ ಸಾಲಿನ ನಡುವಿನ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆಳೆದುಕೊಂಡು ಕೂತರು. ಆಮೇಲೆ ತಿರುಗಿ ನನ್ನನ್ನು ಹುಡುಕಿ, ಪಕ್ಕದ ಕುರ್ಚಿಯನ್ನು ಕೈಯಿಂದ ತಟ್ಟಿ ಕರೆದರು.

"ಬರ್ರಿ ಬಾಯಾರ. ಇಲ್ಲಿ ಖಾಲಿ ಅದ."